ಶನಿವಾರ ರಾತ್ರಿ ಯಾವ ಅನಿಮೇಷನ್ ಸಿನಿಮಾ? ಮೊದಲು ಮ್ಯೂಟ್ ಒತ್ತಿ ನೋಡಿ

ಶನಿವಾರ ರಾತ್ರಿ ಊಟ ಮುಗಿದ ಮೇಲೆ ನಮ್ಮ ಮನೆಯ ಟಿವಿ ಮುಂದೆ ನಾಲ್ಕು ಜನ ಕೂರುತ್ತೇವೆ. ಅಮ್ಮನಿಗೆ 74. ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ, ಪರದೆಯ ಕೆಳಗೆ ಓಡುವ ಸಣ್ಣ ಅಕ್ಷರ ಕಣ್ಣಿಗೆ ಕಾಣುವುದೂ ಇಲ್ಲ. ಮಗಳಿಗೆ 6. ಅವಳು ಒಂದು ಸಾಲು ಸಬ್‌ಟೈಟಲ್ ಕೂಡಿಸಿ ಓದುವಷ್ಟರಲ್ಲಿ ಮೂರು ಸಾಲು ಹೋಗಿರುತ್ತದೆ. ಅಕ್ಕನ ಮಗ ಹತ್ತನೇ ಕ್ಲಾಸು. ಕಾರ್ಟೂನ್ ಅಂದರೆ ಮೂಗು ಮುರಿಯುವ ವಯಸ್ಸು. ನಾಲ್ಕನೆಯವಳು ನಾನು. ರಿಮೋಟ್ ನನ್ನ ಕೈಯಲ್ಲಿ, ಬೈಗುಳವೂ ನನ್ನ ಪಾಲಿಗೆ.

ಈ ನಾಲ್ಕು ಜನಕ್ಕೂ ಹೊಂದುವ ಸಿನಿಮಾ ಹುಡುಕುವುದು ಮದುವೆಗೆ ಸೀರೆ ಆರಿಸಿದ ಹಾಗೆ. ಎಲ್ಲರೂ ಎಲ್ಲವನ್ನೂ ಬೇಡ ಅನ್ನುತ್ತಾರೆ. ಒಂದಷ್ಟು ವರ್ಷ ಹೀಗೇ ಒದ್ದಾಡಿದ ಮೇಲೆ ಒಂದು ಉಪಾಯ ಸಿಕ್ಕಿತು. ನಾನು ಯೋಚಿಸಿ ಕಂಡುಹಿಡಿದದ್ದಲ್ಲ, ಒಂದು ಫೋನ್ ಕಾಲ್‌ನಿಂದ ಸಿಕ್ಕಿದ್ದು.

ಅವತ್ತು 'ಅಪ್' ಹಾಕಿದ್ದೆ. ಅಮೆರಿಕದ ಪಿಕ್ಸಾರ್ ಸ್ಟುಡಿಯೊದವರು 2009ರಲ್ಲಿ ಮಾಡಿದ ಸಿನಿಮಾ. ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಶಿವಮೊಗ್ಗದಿಂದ ಅತ್ತಿಗೆಯ ಫೋನ್ ಬಂತು. ಟಿವಿ ಮ್ಯೂಟ್ ಮಾಡಿ ವರಾಂಡಕ್ಕೆ ಹೋದೆ. ಐದು ನಿಮಿಷ ಬಿಟ್ಟು ವಾಪಸ್ ಬಂದರೆ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಏನಾಯ್ತಮ್ಮ?"

"ಪಾಪ ಕಣೇ, ಅವರಿಗೆ ಮಗು ಆಗಲೇ ಇಲ್ಲ. ಊರು ನೋಡೋಕೆ ಅಂತ ಕೂಡಿಟ್ಟ ದುಡ್ಡೂ ಖರ್ಚಾಗ್ತಾ ಹೋಯ್ತು. ಈಗ ನೋಡಿದ್ರೆ ಅವಳೇ ಹೋಗಿಬಿಟ್ಳು."

ಒಂದು ಮಾತೂ ಕೇಳಿಸದೆ ಅಮ್ಮನಿಗೆ ಪೂರ್ತಿ ಕಥೆ ಗೊತ್ತಾಗಿತ್ತು. ಅಷ್ಟೂ ಹೊತ್ತು ತೆರೆಯ ಮೇಲೆ ಯಾರೂ ಮಾತಾಡಿರಲೇ ಇಲ್ಲ ಅಂತ ಆಮೇಲೆ ನೋಡಿದಾಗ ತಿಳಿಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವುದೇ ಅನಿಮೇಷನ್ ಸಿನಿಮಾಗೆ ಮೊದಲು ಮ್ಯೂಟ್ ಪರೀಕ್ಷೆ. ಹಿಂದಿನ ದಿನ ನಾನೊಬ್ಬಳೇ ಮೊದಲ ಹತ್ತು ನಿಮಿಷ ಶಬ್ದ ತೆಗೆದು ನೋಡುತ್ತೇನೆ. ಕಥೆ ಗೊತ್ತಾದರೆ ಪಾಸ್. ಬಾಯಿ ಅಲ್ಲಾಡುವುದು ಮಾತ್ರ ಕಂಡರೆ ಅದು ರೇಡಿಯೊ ನಾಟಕಕ್ಕೆ ಚಿತ್ರ ಅಂಟಿಸಿದ್ದು, ಅಮ್ಮ ಕಾಲು ಗಂಟೆಯಲ್ಲಿ ಗೊರಕೆ ಹೊಡೆಯುತ್ತಾಳೆ.

ಇಂಥ ಪರೀಕ್ಷೆ ಅನಿಮೇಷನ್‌ಗೆ ಯಾಕೆ ಸರಿ ಅಂದರೆ, ಅಲ್ಲಿ ಯಾವುದೂ ತಾನಾಗಿ ಬಂದು ಬೀಳುವುದಿಲ್ಲ. ನಟ ಸುಮ್ನೆ ನಿಂತರೂ ಅವನ ಮುಖದಲ್ಲಿ ಏನಾದರೂ ಇರುತ್ತದೆ. ಅನಿಮೇಷನ್‌ನಲ್ಲಿ ಹುಬ್ಬು ಒಂದು ಎಳೆ ಮೇಲೆ ಹೋಗಬೇಕಾದರೂ ಯಾರೋ ಕೂತು ಅದನ್ನು ಎತ್ತಿರಬೇಕು. ಅಷ್ಟು ಕಷ್ಟಪಟ್ಟು ಎತ್ತಿದ ಹುಬ್ಬು ಏನೂ ಹೇಳದಿದ್ದರೆ ದಂಡ ಅಲ್ವಾ?

ಕೆಳಗಿನದು ಮಾರ್ಕ್ಸ್ ಪಟ್ಟಿ ಅಲ್ಲ. ಯಾರು ಜೊತೆಗಿದ್ದರೆ ಯಾವುದನ್ನು ಹಾಕಬಹುದು ಅಂತ ನಮ್ಮ ಮನೆಯ ಅನುಭವದಿಂದ ಬರೆಯುತ್ತಿದ್ದೇನೆ. ಕಥೆಯ ಕೆಲವು ತಿರುವುಗಳು ಬರುತ್ತವೆ, ನೋಡದೇ ಇರುವವರು ಎಚ್ಚರ.

'ಅಪ್' ಬೇಕೋ, 'ವಾಲ್-ಈ' ಬೇಕೋ

ಎರಡೂ ಪಿಕ್ಸಾರ್‌ನವೇ, ಒಂದೇ ವರ್ಷದ ಅಂತರ. ಎರಡರಲ್ಲೂ ಶುರುವಿನ ಭಾಗವೇ ಚಿನ್ನ.

'ಅಪ್'ನ ಆ ಮಾತಿಲ್ಲದ ಭಾಗ ಬರೀ ನಾಲ್ಕೈದು ನಿಮಿಷ. ಕಾರ್ಲ್ ಮತ್ತು ಎಲೀ ಅನ್ನುವ ಗಂಡ ಹೆಂಡತಿಯ ಇಡೀ ಸಂಸಾರ ಅದರೊಳಗಿದೆ. ದಕ್ಷಿಣ ಅಮೆರಿಕದ ಒಂದು ಜಲಪಾತ ನೋಡಬೇಕು ಅಂತ ಗಾಜಿನ ಜಾಡಿಯಲ್ಲಿ ಚಿಲ್ಲರೆ ಹಾಕುತ್ತಾ ಬರುತ್ತಾರೆ. ಕಾರಿನ ಟೈರು ಹೋಗುತ್ತದೆ, ಜಾಡಿ ಒಡೆಯುತ್ತಾರೆ. ಕಾಲು ಮುರಿಯುತ್ತದೆ, ಮತ್ತೆ ಒಡೆಯುತ್ತಾರೆ. ಮನೆಯ ಮೇಲೆ ಮರ ಬೀಳುತ್ತದೆ, ಮತ್ತೆ. ನಮ್ಮಲ್ಲಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಟ್ಟವರಿಗೆಲ್ಲ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವರ್ಷ ಉರುಳಿತು ಅಂತ ತೋರಿಸಲು ಕ್ಯಾಲೆಂಡರ್ ಹಾಳೆ ಹಾರಿಸುವುದಿಲ್ಲ. ಎಲೀ ಗಂಡನಿಗೆ ಟೈ ಕಟ್ಟುತ್ತಾಳೆ, ಕಟ್ಟುತ್ತಾಳೆ, ಕಟ್ಟುತ್ತಲೇ ಇರುತ್ತಾಳೆ. ಟೈ ಬದಲಾಗುತ್ತಾ ಹೋಗುತ್ತದೆ, ನೋಡನೋಡುತ್ತಾ ಇಬ್ಬರ ಕೂದಲೂ ಬೆಳ್ಳಗಾಗುತ್ತದೆ. ಅಷ್ಟೇ.

ಎರಡನೇ ಸಲ ನೋಡುವಾಗ ಆಕಾರ ಗಮನಿಸಿ. ಕಾರ್ಲ್ ಪೂರ್ತಿ ಚೌಕ. ತಲೆ, ಕನ್ನಡಕ, ಕೂರುವ ಕುರ್ಚಿ ಎಲ್ಲವೂ ಇಟ್ಟಿಗೆ ಥರ. ಎಲೀ ಸುತ್ತ ಎಲ್ಲ ದುಂಡು, ತಿರುವು. ಅವಳು ಹೋದ ಮೇಲೆ ಮನೆಯ ಬಣ್ಣ ಇಳಿದುಹೋಗುತ್ತದೆ, ಚೌಕ ಮಾತ್ರ ಉಳಿಯುತ್ತದೆ. ಆಮೇಲೆ ಬಾಗಿಲು ತಟ್ಟುವ ಹುಡುಗ ರಸೆಲ್ ಮತ್ತೆ ದುಂಡಗೆ, ಮೊಟ್ಟೆ ಥರ. ಮಗಳಿಗೆ ಇದನ್ನು ನಾನು ಹೇಳಿಕೊಡಲಿಲ್ಲ. "ಈ ತಾತ ಡಬ್ಬಿ ಥರ ಇದಾನೆ" ಅಂತ ಅವಳೇ ಅಂದಳು.

ಆದರೆ ನಿಜ ಹೇಳಬೇಕು. ಬಲೂನು ಕಟ್ಟಿಕೊಂಡು ಮನೆ ಹಾರಿದ ಮೇಲೆ, ಮಾತಾಡುವ ನಾಯಿಗಳು ಬಂದ ಮೇಲೆ, 'ಅಪ್' ಬೇರೆ ಸಿನಿಮಾ ಆಗುತ್ತದೆ. ಓಡಾಟ ಜಾಸ್ತಿ, ಮಾತು ಜಾಸ್ತಿ. ಮಕ್ಕಳು ಅಲ್ಲಿ ಎದ್ದು ಕೂರುತ್ತಾರೆ, ಅಮ್ಮ ಅಲ್ಲಿ ಮಲಗಿದಳು.

'ವಾಲ್-ಈ' ಇದಕ್ಕಿಂತ ಧೈರ್ಯದ್ದು. ಕಸ ತುಂಬಿದ ಭೂಮಿ, ಮನುಷ್ಯರೆಲ್ಲ ಬಿಟ್ಟು ಹೋಗಿದ್ದಾರೆ, ಉಳಿದದ್ದು ಕಸ ಒತ್ತಿ ಜೋಡಿಸುವ ಒಂದು ರೋಬೋಟ್ ಮತ್ತು ಒಂದು ಜಿರಲೆ. ಮೊದಲ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಾತು ಅಂದರೆ ಹೆಸರು ಕೂಗುವುದು ಬಿಟ್ಟು ಹೆಚ್ಚೇನೂ ಇಲ್ಲ. ರೋಬೋಟ್‌ಗೆ ಬಾಯಿ ಇಲ್ಲ, ಮೂಗಿಲ್ಲ, ಹುಬ್ಬಿಲ್ಲ. ಇರುವುದು ಬೈನಾಕ್ಯುಲರ್ ಥರದ ಎರಡು ಕಣ್ಣು. ನಿರ್ದೇಶಕ ಆ್ಯಂಡ್ರೂ ಸ್ಟಾಂಟನ್ ಬೇಸ್‌ಬಾಲ್ ಪಂದ್ಯ ನೋಡಲು ಹೋದಾಗ ಕೈಯಲ್ಲಿದ್ದ ಬೈನಾಕ್ಯುಲರನ್ನು ಸುಮ್ನೆ ಮೇಲೆ ಕೆಳಗೆ ಬಗ್ಗಿಸುತ್ತಾ ಕೂತಿದ್ದರಂತೆ. ಈ ಕಡೆ ಬಗ್ಗಿಸಿದರೆ ಬೇಜಾರು, ಆ ಕಡೆ ಬಗ್ಗಿಸಿದರೆ ಸಿಟ್ಟು. ಮುಖ ಸಿಕ್ಕಿಬಿಟ್ಟಿತು.

ಅಜ್ಜ ಅಜ್ಜಿ ಇದ್ದರೆ 'ಅಪ್'. ಹತ್ತು ವರ್ಷ ದಾಟಿದ ಮಕ್ಕಳಿದ್ದು, ಮನೆಯಲ್ಲಿ ಕಸದ ಬುಟ್ಟಿಯ ಜಗಳ ನಡೆಯುತ್ತಿದ್ದರೆ 'ವಾಲ್-ಈ'. ಇತ್ತೀಚೆಗೆ ಯಾರಾದರೂ ತೀರಿಕೊಂಡ ಮನೆಯಲ್ಲಿ ಮಾತ್ರ 'ಅಪ್' ಸ್ವಲ್ಪ ದಿನ ತಡೆದು ಹಾಕಿ.

ಕೇಡಿ ಇಲ್ಲದ ಸಿನಿಮಾ ನಡೆಯುತ್ತಾ?

ನಡೆಯುತ್ತದೆ. 'ಮೈ ನೇಬರ್ ಟೊಟೊರೊ' ನೋಡಿ. ಜಪಾನಿನ ಸ್ಟುಡಿಯೊ ಜಿಬ್ಲಿ, ನಿರ್ದೇಶಕ ಹಯಾವೊ ಮಿಯಾಜಾಕಿ, 1988. ಕೈಯಲ್ಲಿ ಬರೆದ ಚಿತ್ರಗಳು, 86 ನಿಮಿಷ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಸತ್ಸುಕಿ, ಮೇಯ್ ಅನ್ನುವ ಅಕ್ಕ ತಂಗಿ ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಪಕ್ಕದ ಕಾಡಿನಲ್ಲಿ ಟೊಟೊರೊ ಅನ್ನುವ ದೊಡ್ಡ, ತುಪ್ಪಳದ, ಸದಾ ನಿದ್ದೆ ಮಾಡುವ ಒಂದು ಜೀವ ಇದೆ. ಕಳ್ಳ ಇಲ್ಲ, ರಾಕ್ಷಸ ಇಲ್ಲ, ಗೆಲ್ಲಬೇಕಾದ ಯುದ್ಧವೂ ಇಲ್ಲ.

ಮಳೆಯಲ್ಲಿ ಬಸ್ ಸ್ಟಾಪ್‌ನ ದೃಶ್ಯ ಒಂದಿದೆ. ಛತ್ರಿ ಬಿಟ್ಟುಹೋದ ಅಪ್ಪನಿಗಾಗಿ ಅಕ್ಕ ಕಾಯುತ್ತಿದ್ದಾಳೆ. ತಂಗಿ ಅವಳ ಬೆನ್ನ ಮೇಲೆ ನಿದ್ದೆ ಹೋಗಿದ್ದಾಳೆ. ಕತ್ತಲಾಗುತ್ತದೆ. ಒಂದು ಕಪ್ಪೆ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ. ಛತ್ರಿಯ ಅಂಚಿನ ಕೆಳಗೆ, ಪಕ್ಕದಲ್ಲಿ, ಉಗುರಿರುವ ದೊಡ್ಡ ಪಾದ ಕಾಣಿಸುತ್ತದೆ. ಟೊಟೊರೊ ಬಂದು ನಿಂತಿದೆ, ತಲೆ ಮೇಲೆ ಒಂದು ಎಲೆ ಇಟ್ಟುಕೊಂಡು. ಅಕ್ಕ ಅಪ್ಪನ ಛತ್ರಿಯನ್ನು ಅದಕ್ಕೆ ಕೊಡುತ್ತಾಳೆ. ಛತ್ರಿ ಅಂದರೆ ಏನು ಅಂತ ಅದಕ್ಕೆ ಗೊತ್ತಿಲ್ಲ. ಮರದಿಂದ ಒಂದು ಹನಿ ಟಪ್ ಅಂತ ಬಟ್ಟೆಯ ಮೇಲೆ ಬೀಳುತ್ತದೆ. ಅದರ ಕಣ್ಣು ಅಗಲವಾಗುತ್ತದೆ. ಇನ್ನೆರಡು ಹನಿ. ಖುಷಿ ತಡೆಯಲಾರದೆ ಒಮ್ಮೆ ಎಗರಿ ನೆಲಕ್ಕೆ ಧಡ್ ಅಂತ ಇಳಿದರೆ, ಮರದಲ್ಲಿದ್ದ ಅಷ್ಟೂ ನೀರು ಒಟ್ಟಿಗೆ ಸುರಿಯುತ್ತದೆ.

ಇಲ್ಲಿ ನನ್ನ ಮ್ಯೂಟ್ ಪರೀಕ್ಷೆ ಮುಗ್ಗರಿಸಿತು. ಶಬ್ದ ತೆಗೆದು ನೋಡಿದಾಗ ಈ ದೃಶ್ಯ ಅರ್ಥವೇನೋ ಆಯಿತು, ಆದರೆ ಸಪ್ಪೆ ಅನ್ನಿಸಿತು. ಶಬ್ದ ಹಾಕಿ ನೋಡಿದಾಗ ತಿಳಿಯಿತು, ಆ 'ಟಪ್' ಇಲ್ಲದಿದ್ದರೆ ದೃಶ್ಯವೇ ಇಲ್ಲ. ಹಾಗಾಗಿ ನಿಯಮ ತಿದ್ದಿಕೊಂಡೆ. ಮ್ಯೂಟ್ ಮಾಡುವುದು ಮಾತಿನ ಹಂಗು ಎಷ್ಟಿದೆ ಅಂತ ತಿಳಿಯಲು ಮಾತ್ರ. ನೋಡುವಾಗ ಶಬ್ದ ಬೇಕೇ ಬೇಕು, ಸಾಧ್ಯವಾದರೆ ಫ್ಯಾನ್ ಕೂಡ ಆಫ್ ಮಾಡಿ.

ಮಿಯಾಜಾಕಿ ಒಮ್ಮೆ ಸಂದರ್ಶನದಲ್ಲಿ ಚಪ್ಪಾಳೆ ತಟ್ಟಿ ತೋರಿಸಿ, ಎರಡು ಚಪ್ಪಾಳೆಯ ನಡುವಿನ ಖಾಲಿ ಹೊತ್ತಿಗೆ ತಮ್ಮ ಭಾಷೆಯಲ್ಲಿ 'ಮಾ' ಅನ್ನುತ್ತೇವೆ ಅಂತ ವಿವರಿಸಿದ್ದರು. ತಾಳ ಹಾಕಿ ಅಭ್ಯಾಸ ಇರುವವರಿಗೆ ಇದು ಹೊಸದಲ್ಲ. ಎರಡು ಪೆಟ್ಟಿನ ಮಧ್ಯೆ ಜಾಗ ಬಿಡದಿದ್ದರೆ ಅದು ತಾಳ ಅಲ್ಲ, ಗದ್ದಲ. ಮಕ್ಕಳ ಸಿನಿಮಾ ಅಂದರೆ ಕ್ಷಣ ಬಿಡದೆ ಏನಾದರೂ ಆಗುತ್ತಲೇ ಇರಬೇಕು ಅಂತ ನಂಬಿದವರು ಈ ಬಸ್ ಸ್ಟಾಪ್ ದೃಶ್ಯದಲ್ಲಿ ನಮ್ಮ ಆರು ವರ್ಷದವಳ ಮುಖ ನೋಡಬೇಕಿತ್ತು. ಬಾಯಿಗೆ ಹಾಕಿಕೊಂಡ ಕೋಡುಬಳೆ ಹಾಗೇ ಇತ್ತು, ಅಗಿದಿರಲಿಲ್ಲ.

ಒಂದು ಎಚ್ಚರಿಕೆ. ಕೊನೆಯ ಕಡೆ ಮೇಯ್ ಕಳೆದುಹೋಗುತ್ತಾಳೆ, ಕೊಳದಲ್ಲಿ ಒಂದು ಪುಟ್ಟ ಚಪ್ಪಲಿ ಸಿಗುತ್ತದೆ. ಚಪ್ಪಲಿ ಅವಳದಲ್ಲ. ಅದನ್ನು ಮಗುವಿಗೆ ಮೊದಲೇ ಹೇಳಿಬಿಟ್ಟರೂ ಸಿನಿಮಾ ಕೆಡುವುದಿಲ್ಲ.

'ಟೊಟೊರೊ'ಗೆ ಎದುರು ಬೆಕ್ಕು

ಭಾಷೆಯ ತಾಪತ್ರಯವೇ ಬೇಡ ಅನ್ನುವವರಿಗೆ 'ಫ್ಲೋ'. ಲಾಟ್ವಿಯಾ ಅನ್ನುವ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ 2024ರಲ್ಲಿ ಮಾಡಿದ್ದು, 85 ನಿಮಿಷ. ಮೊದಲಿಂದ ಕೊನೆಯವರೆಗೆ ಒಂದು ಮಾತೂ ಇಲ್ಲ. ಪ್ರವಾಹ ಬಂದು ಜಗತ್ತು ಮುಳುಗುತ್ತಿದೆ. ಒಂದು ಕರಿ ಬೆಕ್ಕು ಹಾಯಿದೋಣಿ ಹತ್ತಿಕೊಳ್ಳುತ್ತದೆ. ಅದರಲ್ಲಿ ಆಗಲೇ ಒಂದು ಕ್ಯಾಪಿಬಾರಾ ಕೂತಿದೆ, ಅಂದರೆ ಹಂದಿಯಷ್ಟು ದಪ್ಪದ, ಇಲಿಯ ಜಾತಿಯ ಪ್ರಾಣಿ. ಆಮೇಲೆ ಕೋತಿಯ ಹಾಗಿರುವ ಒಂದು ಲೆಮೂರ್, ಒಂದು ಉದ್ದ ಕಾಲಿನ ಹಕ್ಕಿ, ಒಂದು ನಾಯಿ. ಮನುಷ್ಯರು ಇದ್ದ ಗುರುತುಗಳು ಮಾತ್ರ ಇವೆ, ಮನುಷ್ಯರಿಲ್ಲ.

ಬೆಕ್ಕು ಬೆಕ್ಕಿನ ಹಾಗೇ ಇರುತ್ತದೆ. ಇದು ಸಣ್ಣ ಮಾತಲ್ಲ. ಬೇರೆ ಕಡೆ ಪ್ರಾಣಿ ಅಂದರೆ ಎರಡು ಕಾಲಿನ ಮೇಲೆ ನಿಂತು ಜೋಕ್ ಹೊಡೆಯುತ್ತದೆ. ಇಲ್ಲಿ ಹೆದರಿದರೆ ಬೆನ್ನು ಕಮಾನಾಗುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ಅಷ್ಟೇ. ಕ್ಯಾಪಿಬಾರಾದ ದನಿ ಮಾತ್ರ ಅದರದಲ್ಲ. ನಿಜವಾದದ್ದು ಕೀಚಲಾಗಿದ್ದು ಆ ನಿಧಾನದ ದೇಹಕ್ಕೆ ಹೊಂದಲಿಲ್ಲ ಅಂತ ಒಂಟೆ ಮರಿಯ ದನಿ ಹಾಕಿದ್ದಾರೆ.

ಇಡೀ ಸಿನಿಮಾ ಮಾಡಿದ್ದು ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಅದು ಪುಕ್ಕಟೆ, ನಿಮ್ಮ ಮನೆಯ ಕಂಪ್ಯೂಟರ್‌ಗೂ ಇಳಿಸಿಕೊಳ್ಳಬಹುದು. ಹಾಗೆ ಮಾಡಿದ ಸಿನಿಮಾ 2025ರ ಆಸ್ಕರ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರ ಪ್ರಶಸ್ತಿ ಹೊಡೆಯಿತು. ಹತ್ತಿರದಿಂದ ನೋಡಿದರೆ ಪ್ರಾಣಿಗಳ ಮೈಮೇಲೆ ಒಂದೊಂದು ಕೂದಲೂ ಎಣಿಸುವ ಹಾಗಿಲ್ಲ, ಬಣ್ಣ ಬಳಿದ ಹಾಗಿದೆ. ಹತ್ತು ನಿಮಿಷ ಆದಮೇಲೆ ಅದು ಗಮನಕ್ಕೇ ಬರುವುದಿಲ್ಲ. ಇದನ್ನು ನೋಡಿದ ದಿನದಿಂದ, ಗ್ರಾಫಿಕ್ಸ್ ಚೆನ್ನಾಗಿದೆ ಅನ್ನುವ ಕಾರಣಕ್ಕೇ ಸಿನಿಮಾ ಆರಿಸುವುದನ್ನು ನಾನು ಬಿಟ್ಟೆ.

ಹಾಗಾದರೆ ಎರಡರಲ್ಲಿ ಯಾವುದು? ಮನೆಯಲ್ಲಿ ಕಥೆ ಹಿಡಿದು ಕೂರುವವರು ಇದ್ದರೆ, "ಆಮೇಲೇನಾಯ್ತು?" ಅಂತ ಕೇಳುವ ಅಜ್ಜಿ ಇದ್ದರೆ, 'ಫ್ಲೋ'. ನೀರು ಏರುತ್ತಾ ಇರುತ್ತದೆ, ಆತಂಕ ತಾನಾಗೇ ಮುಂದಕ್ಕೆ ಎಳೆಯುತ್ತದೆ. ಮಳೆಗಾಲದ ಸಂಜೆ, ಯಾರಿಗೂ ಅವಸರ ಇಲ್ಲ, ಮಗು ಸಣ್ಣದು ಅಂದರೆ 'ಟೊಟೊರೊ'. ಅದರಲ್ಲಿ ಮಾತಿದೆ, ಆದರೆ ಅಮ್ಮನಿಗೆ ನಾನು ಮಧ್ಯೆ ನಾಲ್ಕೇ ನಾಲ್ಕು ಸಲ ಹೇಳಬೇಕಾಯಿತು. ಬೆಕ್ಕು ಸಾಕಿದ ಮನೆಯವರು ಯೋಚಿಸುವುದೇ ಬೇಡ, 'ಫ್ಲೋ'.

ಅರ್ಧ ಗಂಟೆ ಮಾತ್ರ ಇದ್ದರೆ

'ದಿ ರಾಂಗ್ ಟ್ರೌಸರ್ಸ್'. ಇಂಗ್ಲೆಂಡಿನ ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೊ, ನಿಕ್ ಪಾರ್ಕ್, 1993. ಮಕ್ಕಳು ಆಡುವ ಕ್ಲೇ ಥರದ ಮಣ್ಣಿನಲ್ಲಿ ಗೊಂಬೆ ಮಾಡಿ, ಒಂದು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ ಓಡಬೇಕು. ಹೀಗೆ ದಿನವಿಡೀ ದುಡಿದರೂ ಒಬ್ಬರ ಕೈಯಲ್ಲಿ ಕೆಲವೇ ಸೆಕೆಂಡಿನ ಸಿನಿಮಾ ತಯಾರಾಗುತ್ತದೆ. ಗಮನಿಸಿ ನೋಡಿದರೆ ಗೊಂಬೆಯ ಮೈಮೇಲೆ ಬೆರಳಚ್ಚು ಕಾಣುತ್ತದೆ. ನನಗೆ ಅದೇ ಇಷ್ಟ. ಮನೆಯಲ್ಲಿ ಲಟ್ಟಿಸಿದ ಚಪಾತಿಯ ಅಂಚಿನ ಹಾಗೆ.

ವಾಲೆಸ್ ಅನ್ನುವ ಪೆದ್ದು ಯಜಮಾನ, ಗ್ರೋಮಿಟ್ ಅನ್ನುವ ಬುದ್ಧಿವಂತ ನಾಯಿ. ಗ್ರೋಮಿಟ್‌ಗೆ ಬಾಯಿಯೇ ಇಲ್ಲ. ಮೊದಲು ಅವನಿಗೂ ಮಾತು ಕೊಡುವ ಯೋಚನೆ ಇತ್ತಂತೆ. ಹುಬ್ಬು, ಕಿವಿ ಅಲ್ಲಾಡಿಸಿದರೆ ಸಾಕು ಅಂತ ಗೊತ್ತಾದ ಮೇಲೆ ಕೈಬಿಟ್ಟರು. ಸಾಲ ತೀರಿಸಲು ವಾಲೆಸ್ ಮನೆಯ ಒಂದು ರೂಮನ್ನು ಬಾಡಿಗೆಗೆ ಕೊಡುತ್ತಾನೆ. ಬರುವ ಬಾಡಿಗೆದಾರ ಒಂದು ಪೆಂಗ್ವಿನ್. ಹುಬ್ಬೂ ಇಲ್ಲ, ಬಾಯಿ ತೆರೆಯುವುದೂ ಇಲ್ಲ. ಮಣಿಯಂಥ ಎರಡು ಕಣ್ಣು, ಅಷ್ಟೇ. ಅದನ್ನು ನೋಡಿದರೆ ಯಾಕೋ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

"ಹೀಗೆ ಕಲ್ಲಿನ ಥರ ಸುಮ್ನೆ ಕೂರೋರನ್ನ ನಂಬಬಾರದು. ಚೀಟಿ ದುಡ್ಡು ನುಂಗಿದವನೂ ಹೀಗೇ ಕೂರ್ತಿದ್ದ" ಅಂದಳು ಅಮ್ಮ. ಯಾರು ಅಂತ ನಮಗೆಲ್ಲ ಗೊತ್ತು, ಇಲ್ಲಿ ಬೇಡ.

ಡಿಸ್ನಿಯ ಹಳೇ ಹುಲಿಗಳಾದ ಫ್ರ್ಯಾಂಕ್ ಥಾಮಸ್, ಆಲಿ ಜಾನ್ಸ್ಟನ್ 1981ರಲ್ಲಿ ತಮ್ಮ ಕಸುಬಿನ ಬಗ್ಗೆ ಬರೆದ ಪುಸ್ತಕದಲ್ಲಿ ಅನಿಮೇಷನ್‌ಗೆ 12 ಸೂತ್ರ ಕೊಟ್ಟಿದ್ದಾರೆ. ಹನ್ನೆರಡನೆಯದು 'ಅಪೀಲ್', ಸೆಳೆತ ಅನ್ನೋಣ. ಚೆಂದ ಇರಬೇಕು ಅಂತ ಅದರ ಅರ್ಥ ಅಲ್ಲ. ಕಣ್ಣು ತೆಗೆಯಲು ಮನಸ್ಸಾಗಬಾರದು ಅಂತ. ಕೇಡಿಗೂ ಅದು ಬೇಕು, ಕೇಡಿಗೇ ಹೆಚ್ಚು ಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದಾಗ ನಿದ್ದೆಯಲ್ಲಿದ್ದ ಮಕ್ಕಳೂ ಎದ್ದು ಕೂರುವುದು ಯಾಕೆ? ಇದೇ ಸೆಳೆತ. ಬಣ್ಣದ ವೇಷ ಅಬ್ಬರಿಸಿ ಸೆಳೆಯುತ್ತದೆ, ಈ ಪೆಂಗ್ವಿನ್ ಏನೂ ಮಾಡದೆ ಸೆಳೆಯುತ್ತದೆ.

ಕೊನೆಯಲ್ಲಿ ಮನೆಯೊಳಗೆ ಆಟದ ರೈಲಿನ ಮೇಲೆ ಬೆನ್ನಟ್ಟುವ ದೃಶ್ಯ ಇದೆ. ಹಳಿ ಮುಗಿಯುತ್ತಾ ಬರುತ್ತದೆ. ಓಡುವ ರೈಲಿನ ಮೇಲೆ ಕೂತ ಗ್ರೋಮಿಟ್ ತನ್ನ ಮುಂದೆಯೇ ಹೊಸ ಹಳಿ ಜೋಡಿಸುತ್ತಾ ಹೋಗುತ್ತಾನೆ. ಹತ್ತನೇ ಕ್ಲಾಸಿನವನು ಮೊಬೈಲ್ ಕೆಳಗಿಟ್ಟ ಮೊದಲ ಸಂದರ್ಭ ಇದು.

ಇಷ್ಟವಾದರೆ ಅದೇ ಪೆಂಗ್ವಿನ್ 2024ರಲ್ಲಿ 'ವೆಂಜನ್ಸ್ ಮೋಸ್ಟ್ ಫೌಲ್'ನಲ್ಲಿ ಮತ್ತೆ ಬಂದಿದೆ. ಅದು ಪೂರ್ತಿ ಉದ್ದದ ಸಿನಿಮಾ. ಚೆನ್ನಾಗಿದೆ, ಆದರೂ ನನ್ನ ಓಟು ಹಳೇ ಅರ್ಧ ಗಂಟೆಗೇ.

ನಾನು ಮಾಡಿದ ಎರಡು ತಪ್ಪು

ಮೊದಲನೆಯದು 'ಕೊರಲೈನ್'. 2009, ನಿರ್ದೇಶಕ ಹೆನ್ರಿ ಸೆಲಿಕ್. ಇದೂ ಗೊಂಬೆಗಳದ್ದೇ. ಸೂಜಿಯಷ್ಟು ಸಣ್ಣ ಕಡ್ಡಿಯಲ್ಲಿ ಹೆಣೆದ ಸ್ವೆಟರ್ ಹಾಕಿದ ಗೊಂಬೆ ಅಂತ ಓದಿ ಖುಷಿಯಲ್ಲಿ ಹಾಕಿಬಿಟ್ಟೆ. ಬಾಗಿಲಿನಾಚೆ ಇನ್ನೊಬ್ಬಳು ಅಮ್ಮ ಇದ್ದಾಳೆ, ತುಂಬ ಪ್ರೀತಿ ಮಾಡುತ್ತಾಳೆ, ಅವಳ ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದಿದೆ. ನಿನಗೂ ಹೊಲಿಯೋಣ ಅನ್ನುತ್ತಾಳೆ. ಆ ವಾರ ಮಗಳ ಯೂನಿಫಾರ್ಮ್ ಗುಂಡಿ ಕಿತ್ತುಹೋಗಿತ್ತು. ಅಜ್ಜಿ ಸೂಜಿ ದಾರ ತೆಗೆದದ್ದೇ ತಡ, ಅವಳು ಕಿರುಚಿಕೊಂಡು ಬಚ್ಚಲಮನೆಗೆ ಓಡಿದಳು. ಐದು ದಿನ ಪಿನ್ನು ಹಾಕಿಕೊಂಡು ಶಾಲೆಗೆ ಹೋದಳು. ಮ್ಯೂಟ್ ಪರೀಕ್ಷೆಯಲ್ಲಿ ಇದು ನೂರಕ್ಕೆ ನೂರು ತೆಗೆಯುತ್ತದೆ, ಅದೇ ತೊಂದರೆ. ಮಾತಿಲ್ಲದೆಯೂ ಹೆದರಿಸುತ್ತದೆ. ಹತ್ತು ವರ್ಷದ ಮೇಲಿನವರಿಗೆ ಧಾರಾಳವಾಗಿ ಹಾಕಿ. ಹೆದರಿಕೆಯಲ್ಲಿ ಒಂದು ಮಜಾ ಇದೆ ಅಂತ ಗೊತ್ತಾಗುವ ವಯಸ್ಸು ಅದು.

ಎರಡನೆಯದು 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಇದೂ ಜಿಬ್ಲಿಯದೇ, ನಿರ್ದೇಶಕ ಇಸಾವೊ ತಕಹಾತಾ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಾಂಬ್ ಬಿದ್ದ ಕೋಬೆ ನಗರ, ಅನಾಥರಾದ ಅಣ್ಣ ತಂಗಿ, ಹಸಿವು. ಅಣ್ಣ ಸಾಯುತ್ತಾನೆ ಅಂತ ಮೊದಲ ದೃಶ್ಯದಲ್ಲೇ ಗೊತ್ತಾಗುತ್ತದೆ. ಆದರೂ ಬದುಕಲಿ ಅಂತ ಆಸೆಪಡುತ್ತಾ ನೋಡುತ್ತೇವೆ. 1988ರ ಏಪ್ರಿಲ್‌ನಲ್ಲಿ ಇದನ್ನೂ 'ಟೊಟೊರೊ'ವನ್ನೂ ಜಪಾನಿನ ಥಿಯೇಟರ್‌ಗಳಲ್ಲಿ ಜೋಡಿಯಾಗಿ ಒಂದೇ ಟಿಕೆಟ್‌ಗೆ ತೋರಿಸಿದ್ದರು ಅಂದರೆ ನಂಬುತ್ತೀರಾ? ಒಂದೇ ಮಧ್ಯಾಹ್ನ ಎರಡೂ! ಮಕ್ಕಳ ಜೊತೆ ಬೇಡ. ನೀವೊಬ್ಬರೇ, ಮರುದಿನ ಕೆಲಸ ಇಲ್ಲದ ರಾತ್ರಿ ನೋಡಿ. ನಾನು ಒಂದೇ ಸಲ ನೋಡಿದ್ದೇನೆ, ಇನ್ನೊಂದು ಸಲ ಆಗಲ್ಲ.

ಹತ್ತನೇ ಕ್ಲಾಸಿನವನಿಗೆ

'ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್', 2018. ಶುರುವಿನಲ್ಲಿ ಅವನೇ ಕೇಳಿದ, "ಚಿಕ್ಕಮ್ಮ, ನೆಟ್ ಸ್ಲೋ ಇದ್ಯಾ? ಇವನು ಯಾಕೆ ಕುಂಟ್ಕೊಂಡು ಓಡ್ತಾನೆ?" ನೆಟ್ ಸರಿಯಾಗೇ ಇತ್ತು. ಸೆಕೆಂಡಿನ 24 ಫ್ರೇಮ್‌ಗೆ 24 ಸಲ ಭಂಗಿ ಬದಲಿಸಿದರೆ ಚಲನೆ ನುಣುಪು. ಒಂದೊಂದು ಭಂಗಿಯನ್ನೂ ಎರಡೆರಡು ಫ್ರೇಮ್ ನಿಲ್ಲಿಸಿ 12ಕ್ಕೆ ಇಳಿಸಿದರೆ ಸ್ವಲ್ಪ ತಡವರಿಸಿದ ಹಾಗೆ. ಕಾಡಿನಲ್ಲಿ ಜೋತಾಡುತ್ತಾ ಹೋಗುವ ದೃಶ್ಯದಲ್ಲಿ, ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್ 12ರಲ್ಲಿ, ಪಳಗಿದ ಸ್ಪೈಡರ್-ಮ್ಯಾನ್ ಪೀಟರ್ 24ರಲ್ಲಿ. "ಇವನಿಗೆ ಇನ್ನೂ ಬರಲ್ಲ" ಅಂತ ಯಾರೂ ಹೇಳುವುದೇ ಬೇಡ. ಇದನ್ನು ವಿವರಿಸಿದ ಮೇಲೆ ಹುಡುಗ ಆ ದೃಶ್ಯವನ್ನು ಮೂರು ಸಲ ಹಿಂದೆ ಓಡಿಸಿ ನೋಡಿದ. ಅಮ್ಮನಿಗೆ ಮಾತ್ರ ಈ ಸಿನಿಮಾ ಬೇಡವೇ ಬೇಡ. ಬಣ್ಣ, ಚುಕ್ಕಿ, ಬೆಳಕು ಎಲ್ಲ ಒಟ್ಟಿಗೆ ಮುಖಕ್ಕೆ ಎರಚಿದ ಹಾಗೆ, ತಲೆ ತಿರುಗಿತು ಅಂದಳು.

ನಮ್ಮ ಕಥೆಗಳೇ ಬೇಕು ಅಂದರೆ

ಕನ್ನಡದಲ್ಲೇ ಕೇಳಬೇಕು ಅಂದರೆ 2025ರ 'ಮಹಾವತಾರ್ ನರಸಿಂಹ' ಇದೆ. ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ್ದು, ಕನ್ನಡದಲ್ಲೂ ಬಂದಿದೆ. ಪ್ರಹ್ಲಾದನ ಕಥೆ ಬಾಯಿಪಾಠ ಇರುವುದರಿಂದ ಅಮ್ಮ ಕೈಮುಗಿದು ಕೂತಳು. ನನ್ನ ಪರೀಕ್ಷೆಯಲ್ಲಿ ಇದಕ್ಕೆ ಜಸ್ಟ್ ಪಾಸ್. ಕಂಬ ಒಡೆಯುವ ಹೊತ್ತು ಮೈ ಜುಮ್ ಅನ್ನುತ್ತದೆ, ಆದರೆ ಮಿಕ್ಕ ಕಡೆ ಮುಖಗಳು ಅಷ್ಟು ಮಾತಾಡುವುದಿಲ್ಲ, ಡೈಲಾಗ್ ಮಾತಾಡುತ್ತದೆ. ಹಿರಣ್ಯಕಶಿಪುವಿನ ಕೊನೆ ಸಣ್ಣ ಮಕ್ಕಳಿಗೆ ಜೋರು.

ಅದಕ್ಕೆ ಎದುರು 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಜಪಾನಿನ ಯುಗೊ ಸಾಕೊ, ನಮ್ಮ ದೇಶದ ರಾಮ್ ಮೋಹನ್ ಸೇರಿ ಮಾಡಿದ, ಕೈಯಲ್ಲಿ ಬರೆದ ಚಿತ್ರಗಳ ಸಿನಿಮಾ, 1993ರದ್ದು. ವನರಾಜ್ ಭಾಟಿಯಾ ಸಂಗೀತ, ಸಂಸ್ಕೃತದ ಹಾಡುಗಳು. 2025ರ ಜನವರಿಯಲ್ಲಿ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ನಲ್ಲಿ ಮತ್ತೆ ಥಿಯೇಟರ್‌ಗೆ ಬಂತು. ಕನ್ನಡ ಪಟ್ಟಿಯಲ್ಲಿರಲಿಲ್ಲ, ಅದೊಂದು ಬೇಜಾರು. ಗೋವಿನ ಹಾಡಿನ ಪುಣ್ಯಕೋಟಿಯೂ ಅನಿಮೇಷನ್ ಆಗಿದೆ, ಆದರೆ ಸಂಸ್ಕೃತದಲ್ಲಿ. ನಮ್ಮ ಹಸು ನಮ್ಮ ಭಾಷೆ ಬಿಟ್ಟು ಮಾತಾಡುವುದನ್ನು ಕೇಳಲು ಸ್ವಲ್ಪ ಹೊತ್ತು ಬೇಕಾಯಿತು.

ರಾಮಾಯಣ ನೋಡುವಾಗ ಮನೆಯಲ್ಲಿ ಒಂದು ತಮಾಷೆ ಆಯಿತು. ಯಾವ ಭಾಷೆ ಹಾಕಿದರೂ ಒಬ್ಬರಿಗೆ ಅರ್ಥ ಆಗುವುದಿಲ್ಲ. ಕೊನೆಗೆ ಅಮ್ಮನೇ "ಅದರ ಬಾಯಿ ಮುಚ್ಚಿಸು, ನಾನು ಹೇಳ್ತೀನಿ" ಅಂದಳು. ಶಬ್ದ ಸಣ್ಣಗೆ ಮಾಡಿದೆ. ಅಮ್ಮ ಚಿಕ್ಕವಳಿದ್ದಾಗ ಊರಿಗೆ ತೊಗಲು ಗೊಂಬೆಯವರು ಬರುತ್ತಿದ್ದರಂತೆ. ಪರದೆಯ ಹಿಂದೆ ದೀಪ, ಬಣ್ಣ ಹಚ್ಚಿದ ತೊಗಲಿನ ಮೂಲಕ ಬೆಳಕು, ಹಿಂದಿನಿಂದ ಒಬ್ಬರೇ ಎಲ್ಲರ ದನಿಯಲ್ಲಿ ಮಾತಾಡುವುದು. ಅವತ್ತು ಅಮ್ಮ ಮಾಡಿದ್ದೂ ಅದನ್ನೇ. ಕೈಕೇಯಿಗೆ ಒಂದು ದನಿ, ಹನುಮಂತನಿಗೆ ಇನ್ನೊಂದು. ಕುಂಭಕರ್ಣನನ್ನು ಎಬ್ಬಿಸುವಾಗ ಮಗಳು ನಕ್ಕು ನಕ್ಕು ದಿಂಬಿನಿಂದ ಉರುಳಿದಳು. ಅಜ್ಜಿಗೆ ಕಥೆ ಗೊತ್ತಿರುವ ಸಿನಿಮಾ ಆದರೆ ಡಬ್ಬಿಂಗ್ ಇಲ್ಲ ಅಂತ ಚಿಂತೆ ಮಾಡಬೇಡಿ.

(ನೆರಳಿನ ಗೊಂಬೆ ಇಷ್ಟಪಡುವವರಿಗೆ ಒಂದು ಹೆಸರು: ಜರ್ಮನಿಯ ಲೊಟ್ಟೆ ರೈನಿಗರ್. ಕಪ್ಪು ಕಾಗದ ಕತ್ತರಿಸಿ ಇವರು ಮಾಡಿದ 'ಪ್ರಿನ್ಸ್ ಅಹ್ಮದ್' 1926ರದ್ದು. ಇವತ್ತಿಗೂ ಉಳಿದಿರುವ ಪೂರ್ಣ ಉದ್ದದ ಅನಿಮೇಷನ್ ಸಿನಿಮಾಗಳಲ್ಲಿ ಎಲ್ಲಕ್ಕಿಂತ ಹಳೆಯದು. ಹತ್ತು ನಿಮಿಷ ನೋಡಿದರೂ ಸಾಕು, ಕತ್ತರಿಯ ಕೈಚಳಕ ಗೊತ್ತಾಗುತ್ತದೆ.)

ಯಾವ ಸಿನಿಮಾ ಯಾವ ಆ್ಯಪ್‌ನಲ್ಲಿದೆ ಅಂತ ಬೇಕೆಂದೇ ಬರೆದಿಲ್ಲ. ಇವತ್ತು ಇದ್ದದ್ದು ಮುಂದಿನ ತಿಂಗಳು ಇರುವುದಿಲ್ಲ. ಹೆಸರು ಟೈಪ್ ಮಾಡಿ ಹುಡುಕಿ, ಭಾಷೆಯ ಪಟ್ಟಿ ತೆರೆದು ಕನ್ನಡ ಇದೆಯಾ ನೋಡಿ, ಇಲ್ಲದಿದ್ದರೆ ಮ್ಯೂಟ್ ಒತ್ತಿ ಹತ್ತು ನಿಮಿಷ.

ಈ ಶನಿವಾರಕ್ಕೇ ಒಂದು ಹೆಸರು ಹೇಳಿ ಅಂದರೆ 'ಫ್ಲೋ'. ಒಂದೇ ಮಾತು, ಹೆಸರುಗಳು ಓಡಲು ಶುರುವಾದ ತಕ್ಷಣ ಟಿವಿ ಆರಿಸಬೇಡಿ. ಎಲ್ಲ ಮುಗಿದ ಮೇಲೆ ಇನ್ನೊಂದು ಪುಟ್ಟ ದೃಶ್ಯ ಇದೆ. ನಾವು ಮೊದಲ ಸಲ ಹಾಲು ಬಿಸಿ ಮಾಡಲು ಎದ್ದು ಅದನ್ನು ತಪ್ಪಿಸಿಕೊಂಡೆವು.